ಸ್ವರ ಕಟ್ಟುವವರ ಸಂಪಾದನೆ

ಮಕ್ಕಳ ವೃತ್ತಿಯ ವಿಚಾರ ಬಂದಾಗ ನಮ್ಮ ಗೃಹಸ್ಥರ ಬಾಯಲ್ಲಿ ಮೊದಲು ಹೊರಡುವ ಪ್ರಶ್ನೆ ಒಂದೇ: ‘ಅದರಿಂದ ಬರುವುದೆಷ್ಟು?’ ಹೀಗೆ ಕೇಳಿದವರನ್ನು ಹಣದ ಆಶೆಯವರೆಂದು ಹಳಿಯುವುದು ಸುಲಭ. ಆದರೆ ಒಂದು ಮನೆಯ ಒಲೆ ಉರಿಯಬೇಕಾದರೆ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳಲೇಬೇಕಷ್ಟೆ. ಉಪಾಧ್ಯಾಯನ ಸಂಬಳವೆಷ್ಟು, ಅಂಗಡಿಯ ಲಾಭವೆಷ್ಟು, ವಕೀಲನ ವರಮಾನವೆಷ್ಟು ಎಂಬುದನ್ನು ನಾವು ಸ್ಥೂಲವಾಗಿಯಾದರೂ ಬಲ್ಲೆವು. ಹಾಡಿಗೆ ಸ್ವರ ಕಟ್ಟುವವನ, ಎಂದರೆ ಚಲನಚಿತ್ರಗಳಲ್ಲಿ ಸಂಗೀತ ನಿರ್ದೇಶಕನೆನಿಸಿಕೊಳ್ಳುವವನ, ಸಂಪಾದನೆ ಎಷ್ಟೆಂದು ವಿಚಾರಿಸಿದರೆ ಮಾತ್ರ ಒಬ್ಬರು ಕೋಟಿಯೆನ್ನುವರು, ಮತ್ತೊಬ್ಬರು ಉಪವಾಸವೆನ್ನುವರು. ಎರಡೂ ಪೂರ್ತಿ ಸುಳ್ಳಲ್ಲ. ಇವೆರಡರ ನಡುವೆ ನಿಜವು ಎಲ್ಲಿದೆಯೆಂಬುದನ್ನು ಈ ತಿಂಗಳು ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ. ಅದಕ್ಕೆ ಕಾರಣವಾದ ಸಂಗತಿಯನ್ನೇ ಮೊದಲು ಹೇಳುತ್ತೇನೆ.

ಕಳೆದ ತಿಂಗಳು ಕಾರ್ಯಾರ್ಥವಾಗಿ ಪಾವಗಡಕ್ಕೆ ಹೋಗಿದ್ದೆನು. ಶನಿಮಹಾತ್ಮನ ಗುಡಿಗೆ ಹೋಗಿ ಬಂದು, ಸಾಯಂಕಾಲ ಮಿತ್ರರೊಬ್ಬರ ಮನೆಯ ಜಗುಲಿಯ ಮೇಲೆ ಕುಳಿತಿದ್ದೆನು. ಎದುರಿಗೆ ಕೋಟೆಯ ಬೆಟ್ಟ. ಬಿಸಿಲಿಳಿದು ಗಾಳಿ ಬೀಸತೊಡಗಿತ್ತು. ಮಿತ್ರರು ಒಳಗಿನಿಂದ ಒಂದು ಕಾಗದದ ಕಟ್ಟನ್ನು ತಂದು ನನ್ನ ಮುಂದಿಟ್ಟು, “ಸ್ವಾಮಿ, ಇದನ್ನು ಒಂದಿಷ್ಟು ನೋಡಿ ಹೇಳಬೇಕು. ಹುಡುಗ ರುಜು ಹಾಕಿಬಿಡುತ್ತೇನೆಂದು ಕುಳಿತಿದ್ದಾನೆ. ಮೂರು ಲಕ್ಷ ಎನ್ನುತ್ತಾನೆ. ನನಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯದಾಗಿದೆ” ಎಂದರು.

ಅವರ ಮಗನಿಗೆ ಇಪ್ಪತ್ತನಾಲ್ಕು ವರ್ಷ. ವಾಣಿಜ್ಯ ವಿಷಯದಲ್ಲಿ ಪದವಿ ಪಡೆದು, ಊರಿನ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ತಿಂಗಳಿಗೆ ಹದಿನಾಲ್ಕು ಸಾವಿರ ರೂಪಾಯಿ ಸಂಬಳ. ಹುಡುಗನಿಗೆ ಬಾಲ್ಯದಿಂದ ಸಂಗೀತದ ಹುಚ್ಚು. ಹಳ್ಳಿಯಲ್ಲಿ ಪೌರಾಣಿಕ ನಾಟಕ ಕಲಿಸಲು ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರ ಬಳಿ ಬೆರಳು ಪಳಗಿಸಿಕೊಂಡು, ಆಮೇಲೆ ತಾನಾಗಿಯೇ ಕಂಪ್ಯೂಟರಿನಲ್ಲಿ ವಾದ್ಯಗಳನ್ನು ಜೋಡಿಸಿ ಹಾಡು ಕಟ್ಟುವುದನ್ನು ಕಲಿತವನು. ಅವನ ಎರಡು ಹಾಡುಗಳನ್ನು ಕೇಳಿದ ನಿರ್ಮಾಪಕರೊಬ್ಬರು, ತಾವು ತೆಗೆಯಲಿರುವ ಚಿಕ್ಕ ಚಿತ್ರಕ್ಕೆ ಐದು ಹಾಡುಗಳನ್ನೂ ಹಿನ್ನೆಲೆ ಸಂಗೀತವನ್ನೂ ಮಾಡಿಕೊಡಬೇಕೆಂದು ಕರಾರುಪತ್ರವನ್ನು ಕಳುಹಿಸಿದ್ದರು. ಇಂಗ್ಲಿಷಿನಲ್ಲಿ ಒಂಬತ್ತು ಪುಟ. ಹುಡುಗನ ಮನಸ್ಸಿನಲ್ಲಿ ಅಂಗಡಿಯ ಕೆಲಸವನ್ನು ಆಗಲೇ ಬಿಟ್ಟಾಗಿತ್ತು.

ನಾನು ಸಂಗೀತಜ್ಞನೂ ಅಲ್ಲ, ವಕೀಲನೂ ಅಲ್ಲ. ಆದರೂ ಕನ್ನಡಕವನ್ನು ಹಾಕಿಕೊಂಡು ಓದಿದೆನು. ಮೂರು ಲಕ್ಷವೆಂಬುದು ನಿಜ. ಆದರೆ ಅದು ‘ಪ್ಯಾಕೇಜ್’ ಎಂದು ಬರೆದಿತ್ತು. ಈ ಮಾತಿನ ಅರ್ಥವನ್ನು ಗೃಹಸ್ಥರು ತಿಳಿದಿರಬೇಕು. ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಧ್ವನಿಮುದ್ರಣದ ಸ್ಟುಡಿಯೋಗೆ, ಕೊನೆಗೆ ಧ್ವನಿಗಳನ್ನು ಹದವಾಗಿ ಬೆರೆಸಿಕೊಡುವವರಿಗೆ ಸಲ್ಲಬೇಕಾದುದೆಲ್ಲವನ್ನೂ ಸಂಗೀತ ನಿರ್ದೇಶಕನೇ ಆ ಮೊತ್ತದಿಂದ ಕೊಡತಕ್ಕದ್ದು, ಉಳಿದುದು ಅವನದು. ಮನೆ ಕಟ್ಟಿಸುವವರು ಸಾಮಾನು ಸಮೇತ ಗುತ್ತಿಗೆ ಕೊಡುತ್ತಾರಲ್ಲವೆ, ಅದೇ ರೀತಿ. ಇಂದಿನ ಸಣ್ಣ ಚಿತ್ರಗಳಲ್ಲಿ ಈ ಪದ್ಧತಿಯು ಬಹಳವಾಗಿ ಬಳಕೆಯಲ್ಲಿದೆ. ಪತ್ರಿಕೆಗಳಲ್ಲಿ ಇಂಥವರು ಇಷ್ಟು ಲಕ್ಷ ಪಡೆದರೆಂದು ಓದುವಾಗ, ಆ ಲಕ್ಷವು ವರಮಾನವೋ ಅಥವಾ ಕೈಯಿಂದ ಕೈಗೆ ದಾಟಿಹೋಗುವ ಖರ್ಚಿನ ಹಣವೋ ಎಂಬುದನ್ನು ನಾವು ಕೇಳುವುದೇ ಇಲ್ಲ.

ಹುಡುಗನನ್ನು ಕರೆದು ಒಂದು ಹಾಳೆಯ ಮೇಲೆ ಲೆಕ್ಕ ಬರೆಯಹೇಳಿದೆನು. ಲೆಕ್ಕ ಬರೆಯುವುದು ಅವನ ಕಸುಬೇ ಆದುದರಿಂದ ಬೇಗ ಬರೆದನು. ಸ್ಟುಡಿಯೋ ಬಾಡಿಗೆ 60,000. ಕೊಳಲು, ಪಿಟೀಲು, ತಬಲ, ವೀಣೆಯವರಿಗೆ 70,000. ಗಾಯಕರಿಗೆ 50,000. ಧ್ವನಿ ಬೆರೆಸುವವರಿಗೆ 40,000. ಬೆಂಗಳೂರಿಗೆ ಹೋಗಿಬರುವುದಕ್ಕೂ ಉಳಿದುಕೊಳ್ಳುವುದಕ್ಕೂ 20,000. ಒಟ್ಟು 2,40,000. ಉಳಿಯುವುದು 60,000. ಕೆಲಸಕ್ಕೆ ಆರು ತಿಂಗಳು ಬೇಕೆಂದು ಅವನೇ ಹೇಳಿದನು. ಆಗ ತಿಂಗಳಿಗೆ ಹತ್ತು ಸಾವಿರ. ಗೊಬ್ಬರದ ಅಂಗಡಿಯ ಸಂಬಳಕ್ಕಿಂತ ನಾಲ್ಕು ಸಾವಿರ ಕಡಿಮೆ! ಹುಡುಗನ ಮುಖವು ಸ್ವಲ್ಪ ಬಾಡಿತು.

ಅಷ್ಟಕ್ಕೇ ಮುಗಿಯಲಿಲ್ಲ. ಹಣವು ಮೂರು ಕಂತುಗಳಲ್ಲಿ ಬರುವುದೆಂದೂ, ಮೂರನೆಯ ಲಕ್ಷವನ್ನು ಚಿತ್ರವು ತೆರೆಕಂಡ ಮೇಲೆ ಕೊಡಲಾಗುವುದೆಂದೂ ನಾಲ್ಕನೆಯ ಪುಟದಲ್ಲಿ ಬರೆದಿತ್ತು. ತೆರೆ ಕಾಣದೆ ಪೆಟ್ಟಿಗೆಯಲ್ಲೇ ಉಳಿಯುವ ಚಿತ್ರಗಳು ಎಷ್ಟೋ ಇವೆ. ಹಾಗಾದ ಪಕ್ಷದಲ್ಲಿ ಬರುವುದು ಎರಡು ಲಕ್ಷ, ಖರ್ಚಾಗುವುದು ಎರಡು ಲಕ್ಷದ ನಲವತ್ತು ಸಾವಿರ. ಆರು ತಿಂಗಳ ದುಡಿಮೆಯ ಜತೆಗೆ ಕೈಯಿಂದ ನಲವತ್ತು ಸಾವಿರವನ್ನೂ ಸೇರಿಸಿ ಕೊಟ್ಟಂತಾಗುವುದು. ಏಳನೆಯ ಪುಟದಲ್ಲಿ ಇನ್ನೊಂದು ಷರತ್ತಿತ್ತು. ಕಟ್ಟಿದ ಸ್ವರಗಳ ಮೇಲಿನ ಸಕಲ ಹಕ್ಕುಗಳನ್ನೂ ಲೋಕದ ಎಲ್ಲ ಪ್ರದೇಶಗಳಿಗೂ, ಎಲ್ಲ ಕಾಲಕ್ಕೂ ನಿರ್ಮಾಪಕರಿಗೆ ಬಿಟ್ಟುಕೊಟ್ಟಿರುವುದಾಗಿಯೂ, ಮುಂದೆ ಯಾವ ರಾಯಲ್ಟಿಯನ್ನೂ ಕೇಳತಕ್ಕವನಲ್ಲವೆಂದೂ ಅದರ ತಾತ್ಪರ್ಯ.

ಇದನ್ನು ಕನ್ನಡದಲ್ಲಿ ಹೇಳಿದಾಗ, ಬಾಗಿಲ ಬಳಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದ ಅಜ್ಜಿಯು ತಲೆಯೆತ್ತಿ, “ಮಗಾ, ಇದು ಕ್ರಯಾನೋ ಗುತ್ತಿಗೇನೋ?” ಎಂದು ಕೇಳಿದರು.

ಆ ಪ್ರಶ್ನೆಯು ಎಲ್ಲಿಂದ ಬಂದಿತೆಂಬುದನ್ನು ಪಾವಗಡದವರಲ್ಲದ ವಾಚಕರಿಗೆ ತಿಳಿಸಬೇಕು. ಬಹುತೇಕ ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟಿರುವ ಈ ತಾಲ್ಲೂಕು ಮಳೆಗೆ ಬಹು ದೂರ. ಬಿತ್ತಿದ ಕಡಲೆಕಾಯಿಯು ಕೈಗೆ ಬಂದ ವರ್ಷಕ್ಕಿಂತ ಬಾರದ ವರ್ಷಗಳೇ ಹೆಚ್ಚು. ಬಿಸಿಲು ಮಾತ್ರ ಯಾವ ವರ್ಷವೂ ತಪ್ಪಿದುದಿಲ್ಲ. ಆ ಬಿಸಿಲನ್ನೇ ಬೆಳೆಯಾಗಿ ಮಾಡಿಕೊಂಡು, ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವು ನಿರ್ಮಾಣವಾಯಿತು; ಮೊದಲ ಹಂತವು 2018ರಲ್ಲಿಯೂ ಕೊನೆಯದು 2019ರಲ್ಲಿಯೂ ಪೂರೈಸಿದವು. ಇಲ್ಲಿಯ ವಿಶೇಷವೇನೆಂದರೆ, ಸರ್ಕಾರವು ಈ ನೆಲವನ್ನು ಕೊಳ್ಳಲಿಲ್ಲ. ಒಡೆತನವನ್ನು ರೈತರಲ್ಲಿಯೇ ಉಳಿಸಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುವ ಗುತ್ತಿಗೆಗೆ ತೆಗೆದುಕೊಂಡಿತು. ನಮ್ಮ ಮಿತ್ರರ ನಾಲ್ಕು ಎಕರೆಯೂ ಅದರಲ್ಲಿ ಸೇರಿದೆ. ಮೊದಲ ವರ್ಷ 84,000 ಬಂದಿತು. ಆಗ ಅಜ್ಜಿಯು, ಅದು ಕ್ರಯವಲ್ಲ ಗುತ್ತಿಗೆಯೆಂದು ಖಾತ್ರಿಯಾಗುವವರೆಗೂ ಹೆಬ್ಬೆಟ್ಟನ್ನು ಒತ್ತಲಿಲ್ಲವಂತೆ. ಶಾಲೆಗೆ ಹೋಗುತ್ತಿದ್ದ ಮೊಮ್ಮಗನಿಂದ ಛಾಪಾ ಕಾಗದದ ಪ್ರತಿಯೊಂದು ಸಾಲನ್ನೂ ಓದಿಸಿ ಕೇಳಿದರಂತೆ.

“ಅವತ್ತು ನನಗೆ ಓದಿ ಹೇಳಿದೆಯಲ್ಲಪ್ಪ, ಇವತ್ತು ನಿಂದನ್ನ ನೀನು ಓದಿಕೊಂಡ್ಯಾ?” ಎಂದರು. ಹುಡುಗನು ಎರಡನೆಯ ಪುಟದಲ್ಲಿದ್ದ ಮೊತ್ತದವರೆಗೆ ಓದಿ ನಿಲ್ಲಿಸಿದ್ದನು. ಸುಳ್ಳು ಹೇಳಲಿಲ್ಲ, ಸುಮ್ಮನಿದ್ದನು.

ಸ್ವರ ಕಟ್ಟುವವರ ಸಂಪಾದನೆಯ ಮರ್ಮವೆಲ್ಲವೂ ಅಜ್ಜಿಯ ಆ ಒಂದು ಪ್ರಶ್ನೆಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಒಂದು ರಾಗಸಂಯೋಜನೆಯು ಒಂದು ತುಂಡು ಹೊಲವಿದ್ದಂತೆ. ಅದನ್ನು ಕ್ರಯಕ್ಕೆ ಕೊಟ್ಟರೆ ಒಂದು ಸಾರಿ ಹಣ ಬರುವುದು. ಆಮೇಲೆ ಅದರಲ್ಲಿ ಬಂಗಾರ ಬೆಳೆದರೂ ಕೊಟ್ಟವನಿಗೆ ಸಂಬಂಧವಿಲ್ಲ. ಗುತ್ತಿಗೆಗೆ ಕೊಟ್ಟರೆ ಕೈಗೆ ಬರುವುದು ಸ್ವಲ್ಪವಾದರೂ ಮಕ್ಕಳ ಕಾಲದವರೆಗೆ ಬರುವುದು. ನಮ್ಮ ನಾಡಿನಲ್ಲಿ ಬಹು ಕಾಲದವರೆಗೆ ನಡೆದುದೆಲ್ಲವೂ ಕ್ರಯವೇ, ಗುತ್ತಿಗೆಯು ಇತ್ತೀಚಿನದು.

ಹಿಂದಿನ ರೀತಿಯನ್ನು ನೋಡೋಣ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡಿನಲ್ಲೆಲ್ಲ ಹೆಸರಾದ ನಾಟಕ ಮಂಡಲಿಯಂಥ ಕಂಪನಿಗಳಲ್ಲಿ, ಸಂಗೀತಗಾರನಿಗೆ ಊಟ, ವಸತಿ, ತಿಂಗಳ ಸಂಬಳ. ಅವನು ಕೂಡಿಸಿದ ಮಟ್ಟು ಕಂಪನಿಯದು. ಮರುವರ್ಷ ಇನ್ನೊಂದು ಕಂಪನಿಯವರು ಅದನ್ನೇ ಹಾಡಿದರೆ ಕೇಳುವವರಿಲ್ಲ. 1934ರಲ್ಲಿ ‘ಸತಿ ಸುಲೋಚನ’ವೆಂಬ ಮೊದಲ ಕನ್ನಡ ವಾಕ್ಚಿತ್ರವು ಬಂದಿತು. ಅದರ ಸಾಹಿತ್ಯವು ತುಮಕೂರು ಸೀಮೆಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ರಾವಣನ ಪಾತ್ರವನ್ನು ಧರಿಸಿದ ಆರ್. ನಾಗೇಂದ್ರರಾಯರೇ ಎಚ್. ಆರ್. ಪದ್ಮನಾಭ ಶಾಸ್ತ್ರಿಗಳೊಡನೆ ಸಂಗೀತವನ್ನೂ ಅಳವಡಿಸಿದರು. ರಂಗಭೂಮಿಯ ಪದ್ಧತಿಯೇ ಚಿತ್ರಕ್ಕೂ ಬಂದಿತು: ಕೆಲಸಕ್ಕೆ ಕೂಲಿ, ಕೂಲಿಗೆ ಋಣಮುಕ್ತಿ. ಕನ್ನಡ ಹಾಡುಗಳ ಧ್ವನಿಮುದ್ರಣವು ಬಹುಕಾಲ ಮದರಾಸಿನಲ್ಲಿಯೇ ನಡೆಯುತ್ತಿದ್ದುದರಿಂದ ನಮ್ಮ ಸಂಗೀತ ನಿರ್ದೇಶಕರು ಅಲ್ಲಿಯೇ ಮನೆಮಾಡಿ, ಚಿತ್ರಕ್ಕಿಷ್ಟೆಂದು ಹಣ ಪಡೆದು ಸಂಸಾರ ನಡೆಸಿದರು. ಮುಂದಿನ ಚಿತ್ರ ಸಿಕ್ಕಿದರೆ ಮುಂದಿನ ಊಟ.

ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರ ಸ್ಥಿತಿಯೂ ಇದೇ. ನಮ್ಮ ಜಿಲ್ಲೆಯಲ್ಲಿ ಇಂದಿಗೂ ‘ಕುರುಕ್ಷೇತ್ರ’ ನಾಟಕವನ್ನಾಡದ ಊರು ಅಪರೂಪ. ದುರ್ಯೋಧನನ ಪಾತ್ರ ಬೇಕಾದವನು ಹೆಚ್ಚು ಹಣ ಹಾಕಿ, ಕಿರಿಯ ಪಾತ್ರದವನು ಕಡಿಮೆ ಹಾಕಿ, ಎಲ್ಲರೂ ಸೇರಿ ಸೀನರಿಯವರಿಗೂ ಮೇಷ್ಟ್ರಿಗೂ ಕೊಡುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಹೊತ್ತು ಕುಳಿತು, ಶ್ರುತಿಯೇ ತಿಳಿಯದ ಕಂಠಗಳಿಗೆ ಕಂದಪದ್ಯವನ್ನು ಕಲಿಸಿದ ಮೇಷ್ಟ್ರು, ನಾಟಕವಾದ ಮರುದಿನ ಶಾಲು ಹೊದ್ದು, ಹಣವನ್ನು ಎಣಿಸಿಕೊಂಡು ಬಸ್ಸು ಹತ್ತುತ್ತಾರೆ. ಅವರ ಮಟ್ಟುಗಳು ಊರಿನಲ್ಲಿ ಉಳಿಯುತ್ತವೆ. ಹೆಸರೂ ಹಣವೂ ಉಳಿಯುವುದಿಲ್ಲ.

ಸ್ವರವು ಆಸ್ತಿಯೆಂಬ ಭಾವನೆಯು ಎಲ್ಲಿಂದ ಬಂದಿತು? ಪ್ಯಾರಿಸ್ ನಗರದಲ್ಲಿ 1847ರಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳುತ್ತಾರೆ. ಎರ್ನೆಸ್ಟ್ ಬೂರ್ಜೆ ಎಂಬ ಸಂಗೀತಕಾರನು ಒಂದು ಪಾನಗೃಹದಲ್ಲಿ ಕುಳಿತಿರುವಾಗ ಅಲ್ಲಿಯ ವಾದ್ಯಗೋಷ್ಠಿಯವರು ಅವನ ರಚನೆಯನ್ನೇ ನುಡಿಸಿದರಂತೆ. ಹಣ ಕೇಳಲು ಬಂದಾಗ ಅವನು, “ನೀವು ನನ್ನ ಸಂಗೀತವನ್ನು ಹಣ ಕೊಡದೆ ಬಳಸುತ್ತೀರಿ, ನಾನು ನಿಮ್ಮ ಪಾನೀಯಕ್ಕೆ ಏಕೆ ಕೊಡಬೇಕು?” ಎಂಬ ಅರ್ಥದ ಮಾತನ್ನಾಡಿ ಕೊಡದೆ ಹೋದನು. ವ್ಯಾಜ್ಯವು ನ್ಯಾಯಸ್ಥಾನಕ್ಕೆ ಹೋಗಿ ಅವನೇ ಗೆದ್ದನು. ಅದರ ಫಲವಾಗಿ 1851ರಲ್ಲಿ ಅಲ್ಲಿಯ ಕವಿಗಳೂ ಸಂಗೀತಕಾರರೂ ಒಂದು ಸಂಘವನ್ನು ಕಟ್ಟಿಕೊಂಡರು. ತಮ್ಮ ರಚನೆಯನ್ನು ಲಾಭಕ್ಕಾಗಿ ಬಳಸುವವರಿಂದ ಸಂಘವು ಹಣ ವಸೂಲುಮಾಡಿ ಹಂಚತಕ್ಕದ್ದು. ಒಬ್ಬ ಸಂಗೀತಗಾರನು ಊರೂರಿನ ಹೋಟೆಲಿನ ಬಾಗಿಲು ಕಾಯಲಾರನು, ಸಂಘವು ಕಾಯಬಲ್ಲದು.

ನಮ್ಮ ದೇಶದಲ್ಲಿ ಕೃತಿಸ್ವಾಮ್ಯದ ಕಾನೂನು 1957ರಲ್ಲಿ ಆಯಿತು. ಕವಿಗಳು, ಸ್ವರಸಂಯೋಜಕರು, ಪ್ರಕಾಶಕರು ಸೇರಿದ ‘ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ’ ಎಂಬ ಸಂಘವು 1969ರಲ್ಲಿ ಸ್ಥಾಪಿತವಾಯಿತು. ಆದರೆ 1977ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಣ ಕೊಟ್ಟು ಚಿತ್ರಕ್ಕಾಗಿ ಸ್ವರ ಕಟ್ಟಿಸಿದ ನಿರ್ಮಾಪಕನೇ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅದರ ಮೊದಲ ಒಡೆಯನೆಂದು ತೀರ್ಪಿತ್ತಿತು. ಕಾನೂನಿನ ಅಕ್ಷರವು ಹಾಗಿತ್ತು. ಅದೇ ತೀರ್ಪಿಗೆ ತಮ್ಮ ಮಾತೊಂದನ್ನು ಸೇರಿಸಿದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸಂಗೀತಗಾರರ ವಿಷಯದಲ್ಲಿ ಸಹಾನುಭೂತಿಯನ್ನು ತೋರಿದರು. ಆದರೆ ಸಹಾನುಭೂತಿಯು ಕಾನೂನಾಗಲು ಮೂವತ್ತೈದು ವರ್ಷ ಹಿಡಿಯಿತು. 2012ರ ಮೇ ತಿಂಗಳಲ್ಲಿ ಸಂಸತ್ತು ತಿದ್ದುಪಡಿಯನ್ನು ಅಂಗೀಕರಿಸಿತು. ಆ ವರ್ಷದ ಜೂನ್ 21ರಿಂದ ಅದು ಜಾರಿಗೆ ಬಂದಿತು.

ಆ ತಿದ್ದುಪಡಿಯ ಸಾರವನ್ನು ಮನೆಯವರಿಗೆ ತಿಳಿಯುವಂತೆ ಹೇಳುವುದಾದರೆ ಹೀಗೆ. ಚಿತ್ರಮಂದಿರದಲ್ಲಿ ಚಿತ್ರದೊಡನೆ ಹಾಡು ಕೇಳಿಸಿದರೆ ಸ್ವರಸಂಯೋಜಕನಿಗೆ ಬೇರೆ ಏನೂ ಬರುವುದಿಲ್ಲ. ಆದರೆ ಅದೇ ಹಾಡು ರೇಡಿಯೋದಲ್ಲಿ, ಟೆಲಿವಿಷನ್ನಿನಲ್ಲಿ, ಹೋಟೆಲಿನಲ್ಲಿ, ಕೈಫೋನಿನಲ್ಲಿ, ಎಲ್ಲಿಯೇ ಹಣಕ್ಕಾಗಿ ಬಳಕೆಯಾದರೂ, ಬಂದ ರಾಯಲ್ಟಿಯನ್ನು ಹಕ್ಕುದಾರನೂ ರಚಿಸಿದವರೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ನಮ್ಮ ಕಡೆ ಹೊಲವನ್ನು ವಾರಕ್ಕೆ ಮಾಡಿದಾಗ ಒಡೆಯನಿಗೆ ಅರ್ಧ, ಉತ್ತವನಿಗೆ ಅರ್ಧವಲ್ಲವೆ? ಅದರಂತೆಯೇ. ರಚಿಸಿದವರ ಅರ್ಧವು ಕವಿಗೂ ಸಂಯೋಜಕನಿಗೂ ಸೇರಿದುದು. ಎಲ್ಲಕ್ಕಿಂತ ಮುಖ್ಯವಾದ ಮಾತು, ಈ ಪಾಲನ್ನು ಅವರು ತಮ್ಮ ವಾರಸುದಾರರಿಗೆ ಅಥವಾ ಇಂಥ ಸಂಘಕ್ಕೆ ವಿನಾ ಬೇರಾರಿಗೂ ಬಿಟ್ಟುಕೊಡುವಂತಿಲ್ಲ. ಬಿಟ್ಟಿದ್ದೇನೆಂದು ಬರೆದು ರುಜು ಹಾಕಿದರೂ ಆ ಬರಹವು ಅಸಿಂಧು. ಕರಾರಿನಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೊಂದೇ ಎಂದೂ ತಿಳಿಯಬೇಕು. ಕೃತಿಸ್ವಾಮ್ಯವು ರಚಿಸಿದವನ ಆಯುಷ್ಯದ ತರುವಾಯವೂ 60 ವರ್ಷ ಇರುವುದು.

ಎಂದ ಮೇಲೆ ನಮ್ಮ ಹುಡುಗನ ಕರಾರಿನ ಏಳನೆಯ ಪುಟದಲ್ಲಿದ್ದ ರಾಯಲ್ಟಿಯ ಸಾಲು ಕಾನೂನಿನ ಕಣ್ಣಿಗೆ ಬರಿಯ ಮಸಿ. ಇದನ್ನು ಕೇಳಿ ಹುಡುಗನು ಹಿಗ್ಗಿದನು. “ಹಾಗಾದರೆ ಕೋಟಿ ಬರುತ್ತದೆಯೆ?” ಎಂದು ತಂದೆಯು ಕೇಳಿದರು. ಅಲ್ಲಿ ನಾನು ಸ್ವಲ್ಪ ತಡೆಯಬೇಕಾಯಿತು. ಈ ವಿಷಯದಲ್ಲಿ ಪೊಳ್ಳು ಆಶೆಯನ್ನು ಹುಟ್ಟಿಸುವುದು ಪಾಪ.

ಆ ಸಂಘದ ವರಮಾನವು 2022-23ರಲ್ಲಿ ಸುಮಾರು 564 ಕೋಟಿ ರೂಪಾಯಿಯಾಯಿತು. ದೊಡ್ಡ ಮೊತ್ತವೇ. ಆದರೆ ಅದು ದೇಶದ ಎಲ್ಲ ಭಾಷೆಗಳದು. ಕವಿಗಳು, ಸಂಯೋಜಕರು, ಪ್ರಕಾಶಕರು ಸಾವಿರಾರು ಮಂದಿ ಅದಕ್ಕೆ ಪಾಲುದಾರರು. ಹೆಚ್ಚು ಕೇಳಿಸಿದ ಹಾಡಿಗೆ ಹೆಚ್ಚು, ಕೇಳಿಸದ ಹಾಡಿಗೆ ಸೊನ್ನೆ. ಹೊಲವಿದ್ದ ಮಾತ್ರಕ್ಕೆ ಬೆಳೆ ಬರುವುದಿಲ್ಲವಷ್ಟೆ. ಗುತ್ತಿಗೆಯವರು ಬಯಸುವ ಹೊಲವಾದರೆ ಉಂಟು. ಇಲ್ಲವಾದರೆ ಪಹಣಿಯಲ್ಲಿ ಹೆಸರು ಮಾತ್ರ. ಕನ್ನಡ ಹಾಡಿಗೆ ಹಿಂದಿಯಷ್ಟು, ತೆಲುಗಿನಷ್ಟು ಕೇಳುಗರಿಲ್ಲವೆಂಬುದನ್ನು ಗಡಿಯ ಪಾವಗಡದವರಿಗೆ ನಾನು ಹೇಳಬೇಕಾದುದಿಲ್ಲ. ಅಲ್ಲದೆ ಕಾನೂನಾದ ಕೂಡಲೇ ಹಣ ಹರಿದುಬರಲೂ ಇಲ್ಲ. ಹೊಸ ನಿಯಮದಂತೆ ಆ ಸಂಘವು ಮತ್ತೆ ನೋಂದಾಯಿತವಾದುದು 2017ರ ನವೆಂಬರಿನಲ್ಲಿ. ರೇಡಿಯೋ ನಿಲಯಗಳು ಕವಿಗೂ ಸಂಯೋಜಕನಿಗೂ ಸಲ್ಲುವ ರಾಯಲ್ಟಿಯನ್ನು ಕೊಡಲೇಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು ಹೇಳಿದುದು 2023ರ ಏಪ್ರಿಲಿನಲ್ಲಿ. ಪ್ರತಿಯೊಂದು ಕಾಲುವೆಯನ್ನೂ ಅಗೆದೇ ನೀರು ತರಬೇಕಾಯಿತು.

ಇಷ್ಟಾದರೂ ಹಳೆಯ ಹಾಡಿನ ಬೆಲೆಯನ್ನು ಕಡೆಗಣಿಸಬಾರದು. ಮೈಸೂರಿನ ರಾಜನ್-ನಾಗೇಂದ್ರ ಸಹೋದರರು 1981ರ ‘ಗಾಳಿಮಾತು’ ಚಿತ್ರಕ್ಕೆ ಸಂಗೀತ ಕೊಟ್ಟರು. ನಾಗೇಂದ್ರ ಅವರು 2000ದಲ್ಲಿಯೂ ರಾಜನ್ ಅವರು 2020ರಲ್ಲಿಯೂ ತೀರಿಕೊಂಡರು. ಆ ಚಿತ್ರದ ಒಂದು ಹಾಡನ್ನೂ, 1982ರ ‘ನ್ಯಾಯ ಎಲ್ಲಿದೆ’ ಚಿತ್ರದ ಒಂದು ಹಾಡನ್ನೂ ಹೊಸ ಚಿತ್ರವೊಂದರಲ್ಲಿ ಅನುಮತಿಯಿಲ್ಲದೆ ಬಳಸಿದರೆಂದು, ಹಕ್ಕು ತನ್ನದೆಂದ ಧ್ವನಿಮುದ್ರಿಕೆಯ ಸಂಸ್ಥೆಯೊಂದು 2024ರಲ್ಲಿ ವ್ಯಾಜ್ಯ ಹೂಡಿತು. ದೆಹಲಿ ಉಚ್ಚ ನ್ಯಾಯಾಲಯವು ಆ ಚಿತ್ರದವರಿಗೆ 20 ಲಕ್ಷ ರೂಪಾಯಿ ಠೇವಣಿಯಿಡುವಂತೆ ಆಜ್ಞಾಪಿಸಿತು. ನಲವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆಯೂ ಎರಡು ಹಾಡುಗಳ ಮೇಲೆ ಇಷ್ಟು ಹಣ ನಿಲ್ಲಬಲ್ಲದು! ವ್ಯಾಜ್ಯದ ಸರಿತಪ್ಪನ್ನು ತೂಗುವುದು ನನ್ನ ಕೆಲಸವಲ್ಲ. ನ್ಯಾಯಸ್ಥಾನದ ಮೆಟ್ಟಿಲ ಮೇಲೆ ನಿಂತವರಾರೆಂಬುದನ್ನು ಮಾತ್ರ ಗಮನಿಸಿರಿ: ಹಕ್ಕನ್ನು ಕೈಯಲ್ಲಿ ಹಿಡಿದಿದ್ದವರು.

ಚಿತ್ರವಲ್ಲದೆ ಬೇರೆ ದಾರಿಗಳೂ ಉಂಟು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿಯು ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ಬಂದ ಮೇಲೆ, ಭಾವಗೀತೆಯು ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಹೋಯಿತು; ಗಾಯಕರಿಗೂ ಸಂಯೋಜಕರಿಗೂ ಸಭೆಗಳು ದೊರೆತವು. ಚಿತ್ರಕ್ಕೆ ಸೇರದ ಇಂಥ ಧ್ವನಿಮುದ್ರಣಗಳಿಗೂ 2012ರ ತಿದ್ದುಪಡಿಯು ಅದೇ ಸಮಪಾಲನ್ನು ವಿಧಿಸಿದೆ. 1987ರ ‘ಪ್ರೇಮಲೋಕ’ದಿಂದ ಮನೆಮಾತಾದ ಹಂಸಲೇಖ ಅವರಂತೆ ಸಾಹಿತ್ಯವನ್ನೂ ಸಂಗೀತವನ್ನೂ ತಾವೇ ಮಾಡುವವರಿಗೆ ಎರಡು ಕೆಲಸಗಳ ಪಾಲೂ ಸಲ್ಲುವುದು, ಕನ್ನಡವನ್ನು ಚೆನ್ನಾಗಿ ಕಲಿತುಕೋ ಎಂದು ನಮ್ಮ ಹುಡುಗನಿಗೆ ಹೇಳಲು ನನಗೆ ಇದೊಂದು ನೆವವಾಯಿತು. ಜಾಹೀರಾತಿನ ಸಂಗೀತ, ಸಭೆಯ ಕಾರ್ಯಕ್ರಮ, ಮಕ್ಕಳಿಗೆ ಪಾಠ, ಇವುಗಳಿಂದಲೇ ಬಹು ಮಂದಿ ಸಂಯೋಜಕರ ಮನೆಯ ಅಕ್ಕಿ ಬೇಳೆ ಬರುವುದು. ಚಿತ್ರದ ಹೆಸರು ಇವುಗಳನ್ನು ತರುವುದು. ಇವು ಊಟವನ್ನು ತರುವುವು.

ಇಷ್ಟು ಮಾತಾಗುವಾಗ ಮಿತ್ರರ ಮನೆಗೆ ನೆರೆಯಾತನೊಬ್ಬನು ಬಂದು ಕಂಬಕ್ಕೊರಗಿ ಕುಳಿತಿದ್ದನು. ಎಲ್ಲವನ್ನೂ ಕೇಳಿ, “ಹೊಲ ಇದ್ದೋರಿಗೆ ಗುತ್ತಿಗೆ ಬಂತು ಸ್ವಾಮಿ. ಆ ಹೊಲದಾಗೆ ಕೂಲಿ ಮಾಡ್ತಿದ್ದ ನಮ್ಮಂಥೋರಿಗೆ ಏನು ಬಂತು?” ಎಂದನು. ಸೌರ ಉದ್ಯಾನದ ಕಥೆಯಲ್ಲಿ ಇದೂ ನಿಜವಾದ ಮಾತು. ಭೂಮಿಯಿಲ್ಲದವರಿಗೆ ಕಳೆ ಕೀಳುವ, ಕಡಲೆಕಾಯಿ ಕೀಳುವ ಕೂಲಿ ಹೋಯಿತು. ಗುತ್ತಿಗೆಯ ಹಣವು ಅವರ ಕೈಗೆ ಬಾರದು. ಅವನ ಮಾತನ್ನು ಕೇಳಿದೊಡನೆ ನನಗೆ ಹುಡುಗನ ಪಟ್ಟಿಯಲ್ಲಿದ್ದ ಕೊಳಲು, ಪಿಟೀಲು, ತಬಲದವರು ನೆನಪಾದರು. ಸಂಗೀತದ ಹೊಲದಲ್ಲಿ ಇವರೇ ಕೂಲಿಯವರು. ಒಂದು ಹೊತ್ತಿನ ಕಾಲ್‌ಷೀಟಿಗೆ ಇಷ್ಟೆಂದು ಹಣ ತೆಗೆದುಕೊಂಡು ಹೋಗುವರು. ಗಾಯಕರ ಹಕ್ಕಿಗಾಗಿ 2013ರಲ್ಲಿ ಒಂದು ಸಂಘವು ನೋಂದಾಯಿತವಾಯಿತು. ವಾದ್ಯದವರ ಪಾಡು ಮಾತ್ರ ಬಹುಮಟ್ಟಿಗೆ ದಿನಗೂಲಿಯದೇ. ಹಿಂದೆ ಇಪ್ಪತ್ತು ಪಿಟೀಲುಗಳು ಕೂಡಿ ನುಡಿಸುತ್ತಿದ್ದುದನ್ನು ಇಂದು ಕಂಪ್ಯೂಟರೊಂದು ನುಡಿಸುವುದರಿಂದ ಆ ಕೂಲಿಯೂ ಇಳಿದಿದೆ. ಸಂಗೀತ ನಿರ್ದೇಶಕನು ತನ್ನ ಪ್ಯಾಕೇಜಿನಲ್ಲಿ ಉಳಿಸಬೇಕೆಂದು ಹೊರಟರೆ ಮೊದಲು ಕತ್ತರಿ ಬೀಳುವುದು ಇವರ ಹಣಕ್ಕೇ. ಹುಡುಗನಿಗೆ ನಾನು ಇದೊಂದನ್ನು ಒತ್ತಿ ಹೇಳಿದೆನು: “ನಿನ್ನ ಪಾಲನ್ನು ನ್ಯಾಯವಾಗಿ ಕೇಳು. ಆದರೆ ನಿನಗೆ ಬೆರಳು ಕಲಿಸಿದ ಮೇಷ್ಟ್ರಂಥವರು ನಿನ್ನ ಹಾಡಿಗೆ ನುಡಿಸಿದ ದಿನ, ಅವರ ಹಣವನ್ನು ಆ ಹೊತ್ತೇ ಕೊಟ್ಟು ಕಳುಹಿಸು.”

ಮರುದಿನ ಬೆಳಿಗ್ಗೆ ತಂದೆಯೂ ಮಗನೂ ಊರಿನ ವಕೀಲರೊಬ್ಬರನ್ನು ಕಂಡರು. ಅವರ ಸಹಾಯದಿಂದ ಹುಡುಗನು ನಿರ್ಮಾಪಕರಿಗೆ ವಿನಯವಾಗಿ ಒಂದು ಕಾಗದವನ್ನು ಬರೆದನು. ಸ್ಟುಡಿಯೋ, ಗಾಯಕರು, ವಾದ್ಯದವರು, ಇವರ ಖರ್ಚನ್ನು ನಿರ್ಮಾಪಕರೇ ನೇರವಾಗಿ ಕೊಡುವುದು. ತನ್ನ ಕೊನೆಯ ಕಂತನ್ನು ಚಿತ್ರದ ಬಿಡುಗಡೆಗೆ ಕಟ್ಟದೆ, ಧ್ವನಿಮುದ್ರಿಕೆಯನ್ನು ಒಪ್ಪಿಸಿದ ದಿನ ಕೊಡುವುದು. ಏಳನೆಯ ಪುಟದ ರಾಯಲ್ಟಿಯ ಸಾಲನ್ನು ಕಾನೂನಿಗೆ ಅನುಸಾರವಾಗಿ ತಿದ್ದಿ, ಹಾಡು ಎಲ್ಲಿಯೇ ಪ್ರಕಟವಾದರೂ ತನ್ನ ಹೆಸರನ್ನು ಹಾಕುವುದು. ಈ ಮೂರು ಬೇಡಿಕೆಗಳು.

ಈ ಲೇಖನವನ್ನು ಬರೆಯುವಾಗ ಮಿತ್ರರು ಫೋನಿನಲ್ಲಿ ಉತ್ತರ ಬಂದ ಸಂಗತಿಯನ್ನು ತಿಳಿಸಿದರು. ನಿರ್ಮಾಪಕರು ಮೊದಲು ಸಿಟ್ಟಾದರಂತೆ. ಹೊಸ ಹುಡುಗನಿಗೆ ಇಷ್ಟು ಮಾತೇಕೆ ಎಂದರಂತೆ. ನಾಲ್ಕು ದಿನ ಬಿಟ್ಟು ಅವರೇ ಕರೆದರು. ಖರ್ಚನ್ನು ತಾವೇ ನೋಡಿಕೊಳ್ಳುವರು. ಹುಡುಗನಿಗೆ 75,000, ಮೂರು ಕಂತು, ಕೊನೆಯದು ಕೆಲಸ ಒಪ್ಪಿಸಿದ ದಿನ. ರಾಯಲ್ಟಿಯ ಸಾಲನ್ನು ತಿದ್ದಿದ್ದಾರೆ. ಮೂರು ಲಕ್ಷವೆಂದು ನೆಂಟರಿಗೆ ಹೇಳಿಕೊಂಡಿದ್ದ ತಾಯಿಗೆ ಎಪ್ಪತ್ತೈದು ಸಾವಿರವೆಂಬುದು ಮೊದಲು ಸಣ್ಣದಾಗಿ ಕಂಡಿತಂತೆ. ಕಳೆದುಕೊಳ್ಳುವ ಭಯವಿಲ್ಲದ ಎಪ್ಪತ್ತೈದು ಎಂದು ಮಗನೇ ಹಾಳೆಯ ಮೇಲೆ ಬರೆದು ತೋರಿಸಿದನಂತೆ. ಅಂಗಡಿಯ ಕೆಲಸವನ್ನು ಅವನು ಬಿಟ್ಟಿಲ್ಲ. ವಾರಕ್ಕೆ ಎರಡು ದಿನ ಸಂಬಳವಿಲ್ಲದ ರಜೆಯನ್ನು ಕೇಳಿ ಪಡೆದಿದ್ದಾನೆ. ಸಂಘದ ಸದಸ್ಯತ್ವಕ್ಕೆ ಅರ್ಜಿಯನ್ನೂ ಹಾಕಿದ್ದಾನೆ.

ಮನೆಯಲ್ಲಿ ಇಂಥ ಮಕ್ಕಳಿರುವ ಗೃಹಸ್ಥರಿಗೆ ನನ್ನ ವಿಜ್ಞಾಪನೆ ಇಷ್ಟೆ. ‘ಸಂಗೀತದಿಂದ ಹೊಟ್ಟೆ ತುಂಬುತ್ತದೆಯೆ?’ ಎಂದು ಗದರಿಸಿ ಹಾರ್ಮೋನಿಯಂ ಪೆಟ್ಟಿಗೆಗೆ ಬೀಗ ಹಾಕಬೇಡಿರಿ. ಕೋಟಿ ಬರುವುದೆಂದು ನಂಬಿ ಇದ್ದ ಕೆಲಸವನ್ನು ಬಿಡಿಸಲೂ ಬೇಡಿರಿ. ಮೊತ್ತವನ್ನು ಕೇಳಿದಾಗ, ಅದರಲ್ಲಿ ಖರ್ಚೆಷ್ಟು, ಉಳಿಯುವುದೆಷ್ಟು, ಎಷ್ಟು ತಿಂಗಳ ದುಡಿಮೆಗೆ ಎಂದು ಮಗುವಿನ ಕೈಯಲ್ಲಿಯೇ ಬರೆಸಿರಿ. ಹಣವು ಯಾವ ದಿನ ಬರುವುದೆಂದು ಕೇಳಿರಿ. ಕಟ್ಟಿದ ಪ್ರತಿಯೊಂದು ಹಾಡಿನ ಹೆಸರನ್ನೂ, ತಾರೀಖನ್ನೂ, ಕವಿಯ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಸಿರಿ. ನಾಳೆ ಸಂಘದಲ್ಲಿ ಹಾಡನ್ನು ನೋಂದಾಯಿಸಲು ಅದು ಬೇಕಾಗುವುದು. ಹೊಲದ ಪತ್ರವನ್ನು ಎಷ್ಟು ಜೋಪಾನವಾಗಿ ಪೆಟ್ಟಿಗೆಯಲ್ಲಿಡುತ್ತೀರೋ ಹಾಡಿನ ಕರಾರನ್ನೂ ಅಷ್ಟೇ ಜೋಪಾನವಾಗಿಡಿರಿ. ರುಜು ಹಾಕುವುದಕ್ಕೆ ಮೊದಲು ಕೊನೆಯ ಪುಟದವರೆಗೆ ಓದಿಸಿ ಕೇಳಿರಿ. ಇಂಗ್ಲಿಷ್ ಬಾರದಿದ್ದರೆ ಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿರಿ.

ಪಾವಗಡದ ಆ ಮನೆಯಲ್ಲಿ ಹೊಲದ ಗುತ್ತಿಗೆಪತ್ರವೂ ಹಾಡಿನ ಕರಾರುಪತ್ರವೂ ಈಗ ಅಜ್ಜಿಯ ಒಂದೇ ಟ್ರಂಕಿನಲ್ಲಿ ಇವೆಯಂತೆ. ಬೀಗದ ಕೈ ಅಜ್ಜಿಯ ಸೊಂಟದಲ್ಲಿದೆ.